ನೀರಿನ ಕಾಲಂನಲ್ಲಿ ಕಲಗಚ್ಚು

ಡಿಸೆಂಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಐದೂ ಮುಕ್ಕಾಲು. ಸ್ಥಳ, ನೊಣವಿನಕೆರೆ ಹತ್ತಿರದ ನಮ್ಮ ತೋಟದ ಕೊಟ್ಟಿಗೆ. ಹಾಜರಿದ್ದವರು ನಾನು, ನನ್ನ ತಮ್ಮನ ಹೆಂಡತಿ, ಅವಳ ಮಗಳು ಮತ್ತು ಆರು ಹಸುಗಳು.

ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹಸುವಿನ ಹೊಟ್ಟೆಯಲ್ಲಿ ಮೇವನ್ನು ಜೀರ್ಣ ಮಾಡುವ ಸೂಕ್ಷ್ಮಜೀವಿಗಳಿವೆ. ಕೊಬ್ಬರಿ ಹಿಂಡಿ ತಿಂದರೆ ಅವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಸಾಯುತ್ತದೆ, ಅದರಿಂದ ಹಸುವಿನ ಮೈಗೂ ಹಾಲಿಗೂ ಏನಾಗುತ್ತದೆ ಎನ್ನುವುದು ಅವಳ ಪ್ರಶ್ನೆ. ಅದಕ್ಕಾಗಿ ಮೂರು ಹಸುಗಳಿಗೆ ಹಿಂಡಿ, ಉಳಿದ ಮೂರಕ್ಕೆ ತೆಂಗಿನ ಅಂಶವೇ ಇಲ್ಲದ ಮೇವು. ಇದು ಕೊನೆಯ ಪ್ರಯೋಗ. ಯುಗಾದಿಯೊಳಗೆ ಪ್ರಬಂಧ ಒಪ್ಪಿಸಬೇಕು. ಅವಳು ಬರುವುದು ವಾರಕ್ಕೊಮ್ಮೆ. ದಿನದಿನದ ದಾಖಲೆ ನನ್ನ ಪಾಲಿಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ರೋಗಿ ಕುಡಿದ ಗಂಜಿ ಬರೆಯದ ಕಿರಿಯರನ್ನು ವಾರ್ಡಿನ ಮಧ್ಯದಲ್ಲೇ ನಿಲ್ಲಿಸಿ ಬೈದವಳು. ನಾಲ್ಕು ವಾರ ಒಂದು ಹೊತ್ತೂ ತಪ್ಪಿಸದೆ ಪುಸ್ತಕ ಬರೆದಿದ್ದೆ. ಮೇವಿಗೊಂದು ಕಾಲಂ, ನೀರಿಗೊಂದು.

ಆ ಸೋಮವಾರ ಮೇವಿಗೆ ಮೊದಲೇ ಹುಡುಗಿ ಒಂದೊಂದು ಹಸುವಿನ ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯ ರಸ ತೆಗೆದಳು. ನಾನು ಮೂಗುದಾರ ಹಿಡಿದಿದ್ದೆ. ಆಮೇಲೆ ಜಗಲಿಯ ಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಹಿಂಡಿ ತಿನ್ನದ ಹಸುಗಳ ರಸದಲ್ಲಿ, ತೆಂಗಿನ ಎಣ್ಣೆಯಂಶಕ್ಕೆ ಸಾಯುವ ಏಕಕೋಶ ಜೀವಿಗಳು ಗಿಜಿಗುಟ್ಟಬೇಕು. ಎರಡರಲ್ಲಿ ಹಾಗೇ ಇತ್ತು. ಹಿತ್ತಿಲ ಬಾಗಿಲ ಪಕ್ಕ ಕಟ್ಟುವ ಕರಿ ಹಸುವಿನದರಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು. ಮೂರು ಸಲ ಬೇರೆ ಬೇರೆ ಹನಿ ಹಾಕಿ ನೋಡಿದಳು. ಇದಕ್ಕೆ ಏನು ಕೊಟ್ಟಿರಿ ಎಂದು ಕೇಳಿದಳು. ನಾನು ಪುಸ್ತಕ ಓದಿದೆ: ರಾಗಿ ಹುಲ್ಲು, ಜೋಳದ ಕಡ್ಡಿ, ಬೂಸಾ.

ಅಷ್ಟರಲ್ಲಿ ಅವಳ ತಾಯಿ ಅಡುಗೆಮನೆಯ ಬಕೆಟ್ ತಂದು ಕರಿ ಹಸುವಿನ ಮುಂದಿಟ್ಟಳು. ನಾನು ಎಂದಿನಂತೆ ಪೆನ್ನು ತೆಗೆದು ‘ನೀರು, ಒಂದು ಬಕೆಟ್’ ಎಂದು ಬರೆದೆ. ಹುಡುಗಿ ಎದ್ದುಹೋಗಿ ಬಕೆಟ್ಟಿನಲ್ಲಿ ಕೈ ಆಡಿಸಿದಳು. ಅಕ್ಕಿ ತೊಳೆದ ನೀರು, ಹಾಲು ಹಿಂಡಿದ ಕಾಯಿತುರಿ, ಮನೆಯಲ್ಲಿ ಕಾಸಿದ ಕೊಬ್ಬರಿ ಎಣ್ಣೆಯ ತಳದ ಗಸಿ. ಕೈ ಮಿರಮಿರ ಮಿಂಚಿತು.

“ಅಮ್ಮ, ಇದುಕ್ಕೆ ತೆಂಗು ಕೊಡಬ್ಯಾಡ ಅಂದಿದ್ನಲ್ಲ.”

“ಹಿಂಡಿ ಬ್ಯಾಡ ಅಂದೆ, ಹಾಕ್ಲಿಲ್ಲ. ಇದು ಕಲಗಚ್ಚು ಕಣೇ, ನೀರು. ಕರು ಹಾಕಿರೋ ಹಸೀಗೆ ಬರೀ ನೀರು ಇಡೋಕಾಯ್ತದಾ? ನಿಮ್ಮತ್ತೇನೂ ನೀರು ಅಂತ್ಲೇ ಬರ್ಕಂಡವ್ರೆ, ನೋಡು ಬೇಕಾರೆ.”

ಅದು ನಿಜ. ನಾಲ್ಕು ವಾರವೂ ಆ ಬಕೆಟ್ ನನ್ನ ಕಣ್ಣೆದುರೇ ಹೋಗಿತ್ತು. ನಮ್ಮ ಕಡೆ ಕಲಗಚ್ಚನ್ನು ಯಾರೂ ಮೇವೆಂದು ಕರೆಯುವುದಿಲ್ಲ, ನಾನೂ ಕರೆಯಲಿಲ್ಲ.

ಹುಡುಗಿ ಕೈ ತೊಳೆದು ಬಂದು ಪುಸ್ತಕ ತಿರುವಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಪುಸ್ತಕದಲ್ಲಿ ನೀರು ಅಂತ್ಲೇ ಐತಲ್ಲತ್ತೆ. ಯಾರ್ ಕೇಳ್ತಾರೆ?”

“ನಾನ್ ಬರ್ದಿರೋದು ತಪ್ಪು. ನೀನು ಅದುನ್ನೇ ಬರ್ಕಂಡ್ರೆ ಸುಳ್ಳಾಯ್ತದೆ” ಎಂದೆ.

ಅವಳು ಎಂಟು ಗಂಟೆಗೆ ತನ್ನ ಗೈಡಿಗೆ ಫೋನ್ ಮಾಡಿದಳು. ಎರಡೇ ಹಸುವಿನ ಮೇಲೆ ಹೋಲಿಕೆ ನಿಲ್ಲುವುದಿಲ್ಲ, ಹಸುವಿನ ಹೊಟ್ಟೆ ಮೊದಲಿನ ಸ್ಥಿತಿಗೆ ಬಂದ ಮೇಲೆ ಆರೂ ಹಸುಗಳ ಮೇಲೆ ಹೊಸದಾಗಿ ಶುರು ಮಾಡು ಎಂದರಂತೆ. ಯುಗಾದಿಗೆ ಆಗುವುದಿಲ್ಲ ಎಂದು ಬೆರಳೆಣಿಸಿ ಹೇಳಿದಳು. ಅವಳ ತಾಯಿ ಬೆಳಿಗ್ಗೆಯ ರೊಟ್ಟಿ ತಟ್ಟುತ್ತಿದ್ದಳು.

ಮಧ್ಯಾಹ್ನ ನಾನು ಪುಸ್ತಕ ತಿದ್ದಿದೆ. ಕರಿ ಹಸುವಿನ ಒಂದೊಂದು ‘ನೀರಿ’ನ ಮೇಲೂ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಕಲಗಚ್ಚು, ತೆಂಗು ಸಹಿತ’ ಎಂದು ಬರೆದು ಸಹಿ ಹಾಕಿದೆ. ಆಸ್ಪತ್ರೆಯಲ್ಲಿ ಕಲಿತ ಕ್ರಮ ಅದು. ಹುಡುಗಿ ಪಕ್ಕದಲ್ಲಿ ಕೂತು ತಾರೀಖು ಓದಿ ಹೇಳುತ್ತಿದ್ದಳು.

ಸಂಜೆ ಆರಕ್ಕೆ ಬಕೆಟ್ ಮತ್ತೆ ಹೊರಬಂತು. ಕರಿ ಹಸು ಹಗ್ಗ ಜಗ್ಗಿ ಕೂಗಿತು. ತಮ್ಮನ ಹೆಂಡತಿ ಅದರ ಮುಖ ನೋಡದೆ ದಾಟಿಹೋಗಿ ಕಲಗಚ್ಚನ್ನು ಬಚ್ಚಲ ಹಿಂದಿನ ತೆಂಗಿನ ಬುಡಕ್ಕೆ ಸುರಿದಳು. ನಾನು ಸ್ಕೇಲಿಟ್ಟು ಮೂರನೆಯ ಕಾಲಂ ಎಳೆದು, ‘ಕಲಗಚ್ಚು’ ಎಂದು ತಲೆಬರಹ ಹಾಕಿ, ಕೆಳಗೆ ‘ಇಲ್ಲ’ ಎಂದು ಬರೆದು ಪುಸ್ತಕ ಮುಚ್ಚಿದೆ.