ಗುರುಸಿದ್ದಪ್ಪನವರ ಕ್ಯಾಮೆರಾ, ಅಮ್ಮನ ಮುಖ

ಗುರುಸಿದ್ದಪ್ಪನವರು ನಮ್ಮ ಮನೆಯಲ್ಲಿ ಒಮ್ಮೆಯೂ ಕುಳಿತು ಕಾಫಿ ಕುಡಿದವರಲ್ಲ. ಲೋಟ ಹಿಡಿದು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಕೊರಳಿಗೆ ನೇತುಹಾಕಿಕೊಂಡ ಕ್ಯಾಮೆರಾ ಎದೆಗೆ ಬಡಿಯುತ್ತಿತ್ತು. ಯಾರಾದರೂ ಮಾತಾಡುತ್ತಿದ್ದರೆ ಎದುರಿಗೆ ನಿಲ್ಲದೆ ಮೆಲ್ಲಗೆ ಅವರ ಪಕ್ಕಕ್ಕೆ, ಬೆನ್ನ ಹಿಂದಕ್ಕೆ ಸರಿಯುತ್ತಿದ್ದರು. "ನೀವು ತಿರುಗ್ಬೇಡಿ, ಮಾತಾಡ್ತಾ ಇರಿ" ಎನ್ನುತ್ತಿದ್ದರು.

ಅವರು ಚಿತ್ರ ಬರೆಯುತ್ತಿದ್ದರು, ಮೂರ್ತಿಯನ್ನೂ ಮಾಡುತ್ತಿದ್ದರು. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಹಿಂದಿನ ಬೀದಿಯ ತಗಡಿನ ಶೆಡ್ಡೊಂದರಲ್ಲಿ ಅವರ ಕೆಲಸ. ಒಳಗೆ ಗೋಡೆಯ ತುಂಬ ಅವರೇ ತೆಗೆದ ಫೋಟೋಗಳು: ಕಿವಿ, ಮಣಿಕಟ್ಟು, ನೊಗ ಹೊತ್ತ ಎತ್ತಿನ ಹೆಗಲು. ಅರ್ಧ ಆದ ಮೂರ್ತಿಯ ಫೋಟೋವನ್ನೂ ತೆಗೆದು ತಲೆಕೆಳಗಾಗಿ ಅಂಟಿಸುತ್ತಿದ್ದರು. "ದಿನಾ ನೋಡಿ ನೋಡಿ ಕಣ್ಣಿಗೆ ಎಲ್ಲಾ ಸರಿ ಅನ್ಸಿಬಿಡುತ್ತೆ. ಹಿಂಗೆ ಹಾಕಿದ್ರೆ ತಪ್ಪು ಕಾಣುತ್ತೆ."

ಅಮ್ಮ ತೀರಿಕೊಂಡ ವರ್ಷ ಅಪ್ಪ ಅವರನ್ನು ಮೊದಲ ಸಲ ಮನೆಗೆ ಕರೆಸಿ, ಅವಳದೊಂದು ಮೂರ್ತಿ ಮಾಡಿಕೊಡಿ ಎಂದರು. ನಮ್ಮಲ್ಲಿದ್ದುದು ಸ್ಟುಡಿಯೋದಲ್ಲಿ ಎದುರಿನಿಂದ ತೆಗೆಸಿದ ಒಂದೇ ಫೋಟೋ. ಗುರುಸಿದ್ದಪ್ಪನವರು ಅದನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿ ಉಸಿರು ಬಿಗಿ ಹಿಡ್ಕೊಂಡು ಕೂತಿದಾರೆ. ಪಕ್ಕದಿಂದ ಹೆಂಗಿದ್ರು?" ಎಂದರು. ಅಪ್ಪನಿಗೆ ಹೇಳಲಾಗಲಿಲ್ಲ. ಕೊನೆಗೆ ಚಿಕ್ಕಮ್ಮನ ಮೂಗು, ಕಾಲೇಜಿಗೆ ಹೋಗುತ್ತಿದ್ದ ನನ್ನ ದವಡೆ, ಹೀಗೆ ರಕ್ತಸಂಬಂಧಿಗಳ ಮುಖದಿಂದ ಒಂದೊಂದನ್ನು ಫೋಟೋ ತೆಗೆದುಕೊಂಡು ಹೋದರು.

ಜೇಡಿಮಣ್ಣಿನ ಮುಖ ಸಿದ್ಧವಾದಾಗ ಅಪ್ಪ, ನಾನು ನೋಡಲು ಹೋದೆವು. "ಥೇಟ್ ಫೋಟೋದಲ್ಲಿ ಇದ್ದಹಾಗೇ ಇದಾಳೆ" ಎಂದರು ಅಪ್ಪ. ಗುರುಸಿದ್ದಪ್ಪನವರ ಮುಖ ಕಪ್ಪಿಟ್ಟಿತು. ಶೆಡ್ಡಿನೊಳಗೆ ಚಡಪಡಿಸುತ್ತ ಓಡಾಡಿದವರು ಬಂದು, ಎರಡೂ ಅಂಗೈಯಿಂದ ಮಣ್ಣಿನ ಮುಖವನ್ನು ಅದುಮಿಬಿಟ್ಟರು. ಅಮ್ಮನ ಮೂಗು ಕೆನ್ನೆಯೊಳಗೆ ಸೇರಿಹೋಯಿತು. ಅಪ್ಪ ಹೊರನಡೆದರು. ಮನೆಗೆ ಬಂದ ಮೇಲೆ, "ಆ ಮನುಷ್ಯ ಇನ್ನು ಈ ಹೊಸ್ತಿಲು ತುಳೀಕೂಡದು" ಎಂದರು. ನಾನು ಒಳಗೆ ಹೋಗಿ ಅತ್ತೆ.

ಕೆಲವು ದಿನಗಳ ಮೇಲೆ ಅವರು ನನ್ನನ್ನು ಬಸ್ ಸ್ಟಾಪಿನಲ್ಲಿ ಹಿಡಿದರು. ನಡೆದುದರ ಬಗ್ಗೆ ಮಾತೇ ಇಲ್ಲ. "ನಿಮ್ಮಮ್ಮ ಬೇರೆಯವರ ಮಾತು ಹೆಂಗಮ್ಮ ಕೇಳೋರು?"

"ಅಮ್ಮಂಗೆ ಬಲಗಿವಿ ಮಂದ. ಎಡಗಿವಿ ಮುಂದೆ ಮಾಡಿ, ಹಿಂಗೆ..." ಎಂದು ತಲೆ ವಾಲಿಸಿ ತೋರಿಸಿದೆ.

"ಹಂಗೇ ಇರು."

ಅಷ್ಟು ಜನರ ಮಧ್ಯೆ ನನ್ನ ಸುತ್ತ ತಿರುಗುತ್ತ, ರೋಲು ಮುಗಿಯುವವರೆಗೂ ಫೋಟೋ ತೆಗೆದರು. ನನ್ನ ಬಸ್ಸು ಹೊರಟುಹೋಯಿತು.

ಹೊಸ ಮೂರ್ತಿಯನ್ನು ನೋಡಲು ಅಪ್ಪನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಶೆಡ್ಡಿನ ಬಾಗಿಲಲ್ಲೇ ಅಪ್ಪ ನಿಂತುಬಿಟ್ಟರು. ಆಮೇಲೆ, ಅಮ್ಮ ಇದ್ದಾಗ ಮಾಡುತ್ತಿದ್ದಂತೆಯೇ, ಬಳಸಿಕೊಂಡು ಹೋಗಿ ಅವಳ ಎಡಕ್ಕೆ ನಿಂತರು. ದನಿ ಸ್ವಲ್ಪ ಎತ್ತರಿಸಿ, "ಮನೆಗೆ ಹೋಗೋಣ್ವಾ?" ಎಂದರು. ಕ್ಯಾಮೆರಾ ಎತ್ತಿದ್ದ ಗುರುಸಿದ್ದಪ್ಪನವರು ಅದನ್ನು ಇಳಿಸಿ ಹೊರಗೆ ಹೋದರು.

ಮೂರ್ತಿ ನಮ್ಮ ನಡುಮನೆಗೆ ಬಂದ ಮೇಲೂ ಗುರುಸಿದ್ದಪ್ಪನವರಿಗೆ ಸಮಾಧಾನವಿರಲಿಲ್ಲ. ಶೆಡ್ಡಿದ್ದ ಸೈಟಿನಲ್ಲಿ ಯಾರೋ ಮನೆ ಕಟ್ಟಿದಾಗ ವಿಲ್ಸನ್ ಗಾರ್ಡನ್ನಿಗೆ ಹೋದರು. ಕೊನೆಯ ಸಲ ಬಂದಾಗ ಸೊರಗಿದ್ದರು, ಮಾತಿಗೊಮ್ಮೆ ಕೆಮ್ಮು. ನೆಟ್ಟಗೆ ಮೂರ್ತಿಯ ಬಳಿ ಹೋಗಿ, "ಕುತ್ತಿಗೆ ತಪ್ಪಾಗಿದೆ. ಕೊಡಿ, ಸರಿ ಮಾಡ್ಕೊಂಡು ಬರ್ತೀನಿ" ಎಂದರು.

"ಬೇಡ ಗುರುಸಿದ್ದಪ್ಪನವರೇ. ಅವಳು ಇಲ್ಲೇ ಇರ್ಲಿ" ಎಂದರು ಅಪ್ಪ.

ಮುಂದಿನ ವಾರ ಮತ್ತೆ ಬರುವುದಾಗಿ ಹೇಳಿಹೋದವರು ಬರಲಿಲ್ಲ. ತೀರಿಕೊಂಡ ಸುದ್ದಿ ತಂದವರು ಅವರ ಅಣ್ಣನ ಮಗ. ಅಪ್ಪ ಷರಟು ಹಾಕಿಕೊಂಡು ಅವರ ಜೊತೆಗೇ ಹೊರಟರು. ಗೇಟಿನ ಬಳಿ ನಿಂತು ನನ್ನತ್ತ ತಿರುಗಿ, "ಕುತ್ತಿಗೇಲಿ ಏನು ತಪ್ಪಾಗಿತ್ತು ಅಂತ ಕೇಳ್ಕೋಬೇಕಿತ್ತು ಕಣೆ" ಎಂದರು.