ಕುಕ್ಕರ್ ಅಕ್ಕ ಮತ್ತು ದೊಡ್ಡ ಸೆಟ್

ಕಿಟಕಿಯಾಚೆ ಇನ್ನೂ ಬೂದು ಬೆಳಕು. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಸಲಕರಣೆಗಳನ್ನು ಆವಿಯಲ್ಲಿ ಬೇಯಿಸಿ ಶುದ್ಧಗೊಳಿಸುವ ಆಟೋಕ್ಲೇವ್ ಬುಸ್ಸೆನ್ನುತ್ತದೆ. ಹಸಿರು ಗೌನಿನ ಹೆಂಗಸೊಬ್ಬರು ಹಿಂದೆ ಸರಿದು, ಕನ್ನಡಕದ ಮಂಜು ಆರುವವರೆಗೆ ಕಾಯುತ್ತಾರೆ. ಆಮೇಲೆ ಬಟ್ಟೆ ಸುತ್ತಿದ ಗಂಟುಗಳನ್ನು ಒಂದೊಂದಾಗಿ ಹೊರಗೆಳೆದು, ಮೇಲಿನ ಟೇಪಿನ ಪಟ್ಟೆಗಳು ಕಪ್ಪಾಗಿವೆಯೇ ಎಂದು ದೀಪಕ್ಕೆ ಹಿಡಿದು ನೋಡುತ್ತಾರೆ. ಕಪ್ಪಾಗಿದ್ದರೆ ಆವಿ ತಾಗಿದೆ ಎಂದರ್ಥ. ಹರ್ನಿಯಾ, ಅಪೆಂಡಿಕ್ಸ್, ಹೆರಿಗೆ ಎಂದು ಇಂದಿನ ಆಪರೇಷನ್‌ಗಳಿಗೆಲ್ಲ ಬೇಕಾದ ಕತ್ತರಿ, ಚಿಮುಟಗಳು ಈ ಗಂಟುಗಳಲ್ಲಿವೆ.

ಇಡೀ ಆಸ್ಪತ್ರೆ ಅವರನ್ನು ಕರೆಯುವುದು ಕುಕ್ಕರ್ ಅಕ್ಕ ಎಂದೇ. ಅವರಿಗೂ ಬೇಸರವಿಲ್ಲ. "ಮನೇಲೂ ಕುಕ್ಕರ್, ಇಲ್ಲೂ ಕುಕ್ಕರ್. ಅಲ್ಲಿ ತಡ ಆದ್ರೆ ಗಂಡ ಗೊಣಗ್ತಾನೆ, ಇಲ್ಲಿ ತಡ ಆದ್ರೆ ನರ್ಸುಗಳು ಕುಣೀತಾರೆ," ಎನ್ನುತ್ತಾರೆ. ಕಸ ಗುಡಿಸಲು ಸೇರಿದವರು. ನಿವೃತ್ತಿಗೆ ಬಂದಿದ್ದ ನರ್ಸೊಬ್ಬರ ಹಿಂದೆ ಹಿಂದೆ ತಿರುಗಿ ಸಲಕರಣೆಗಳ ಹೆಸರು ಕಲಿತವರು. ಮುಂಗೈ ಮೇಲೆ ಆವಿ ತಗುಲಿದ ಹಳೆಯ ಕಲೆಗಳಿವೆ. ಇಲ್ಲಿ ಹೊಟ್ಟೆ ಕೊಯ್ಸಿಕೊಂಡು ಗುಣವಾಗಿ ಹೋದ ಯಾರಿಗೂ ಅವರ ಪರಿಚಯವಿಲ್ಲ.

ಕಪಾಟಿನ ಮೇಲಿನ ಹಲಗೆಯಲ್ಲೊಂದು ಗಂಟು ಉಳಿದೆಲ್ಲವುಗಳಿಗಿಂತ ದೊಡ್ಡದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಂಥ ಕಠಿಣ ಆಪರೇಷನ್‌ಗೆ ಮೀಸಲಾದ 'ದೊಡ್ಡ ಸೆಟ್' ಅದು. ಅಂಥ ಆಪರೇಷನ್ ಇಲ್ಲಿ ವರ್ಷಕ್ಕೆ ಒಂದೋ ಎರಡೋ. ಬಳಸದಿದ್ದರೂ ಗಂಟಿನ ಅವಧಿ ಮುಗಿಯುತ್ತದೆ. ಆಗ ಬಿಚ್ಚಿ, ತೊಳೆದು, ತಿರುಪುಗಳಿಗೆ ಎಣ್ಣೆ ಬಿಟ್ಟು, ಹೊಸ ಬಟ್ಟೆ ಸುತ್ತಿ ಮತ್ತೆ ಆವಿಗಿಡಬೇಕು. "ಮದುವೆ ಬಟ್ಟೆ ಥರ. ಹಾಕ್ಕೊಂಡಿದ್ದಕ್ಕಿಂತ ಬಿಸಿಲಿಗೆ ಹರವಿದ್ದೇ ಜಾಸ್ತಿ," ಎಂದು ಅವರು ನಗಿಸುತ್ತಿದ್ದರು. ಈಗ ಆ ಮಾತು ಆಡುವುದಿಲ್ಲ.

ಕಳೆದ ಸಲ ಅದನ್ನು ಬಿಚ್ಚಿದ್ದು ನಿವೃತ್ತ ಮೇಷ್ಟರೊಬ್ಬರಿಗಾಗಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಒಳಗಿನ ಮಾತು ಕೇಳುತ್ತಿತ್ತು. ಡಾಕ್ಟರು ಒಂದು ಕ್ಲ್ಯಾಂಪ್ ಕೇಳಿದರೆ ನರ್ಸು ಟ್ರೇಯಲ್ಲಿ ಹುಡುಕುತ್ತಿದ್ದರು. "ಎಲ್ಲಾ ಕನ್ನಡಿ ಹಂಗೆ ಹೊಳೀತಿತ್ತು. ಆದರೆ ಯಾರ ಕೈಗೂ ರೂಢಿ ಇರಲಿಲ್ಲ," ಎನ್ನುತ್ತಾರೆ ಅಕ್ಕ. ಆಪರೇಷನ್ ಚೆನ್ನಾಗಿಯೇ ಮುಗಿಯಿತು. ಕೆಲವು ದಿನಗಳ ನಂತರ ಒಳಗಿನ ಹೊಲಿಗೆ ಸೋರಿತು. ಇಂಥ ಸೋರಿಕೆ ನುರಿತವರ ಕೈಯಲ್ಲೂ ಆಗುವಂಥದ್ದೇ. ಅದನ್ನು ಯಾರು, ಎಷ್ಟು ಬೇಗ ಗುರುತಿಸುತ್ತಾರೆ ಎಂಬುದರ ಮೇಲೆ ಪ್ರಾಣ ನಿಂತಿರುತ್ತದೆ. ಇಲ್ಲಿ ಮೈ ಕಾದದ್ದನ್ನು ಮಾಮೂಲಿ ಜ್ವರವೆಂದುಕೊಂಡರು. ಮೇಷ್ಟರು ಮನೆಗೆ ಹೋಗಲಿಲ್ಲ.

ಅದಾಗಿ ಹೆಚ್ಚು ಕಾಲ ಕಳೆದಿರಲಿಲ್ಲ, ಅಕ್ಕನ ತಂಗಿಯ ಗಂಡನ ಕಣ್ಣು ಹಳದಿಗೆ ತಿರುಗಿತು. ಅದೇ ಗ್ರಂಥಿ, ಅದೇ ಕಾಯಿಲೆ. "ನಮ್ಮವರಲ್ವಾ, ನಾನೇ ಮಾಡ್ತೀನಿ," ಎಂದರು ಡಾಕ್ಟರು. ತಂಗಿಗೆ ಹೋದ ಜೀವ ಬಂದಂತಾಯಿತು. "ನೀನೇ ಒಳಗಿರ್ತೀಯಲ್ಲಕ್ಕ, ಇನ್ನೇನು ಭಯ?" ಎಂದಳು.

"ಒಳಗಿರೋದಕ್ಕೇ ಹೇಳ್ತಿದೀನಿ, ಸುಮ್ನೆ ದೊಡ್ಡಾಸ್ಪತ್ರೆಗೆ ಹೊರಡೇ," ಎಂದು ಅಕ್ಕ ಗದರಿದರು. ಡಾಕ್ಟರ ಹತ್ತಿರ ಮಾತ್ರ, ದೂರದ ದೊಡ್ಡ ಆಸ್ಪತ್ರೆಯ ಪಕ್ಕದಲ್ಲೇ ತಂಗಿಯ ಗಂಡನ ಅಣ್ಣನ ಮನೆಯಿದೆ, ಅಲ್ಲೇ ಮಾಡಿಸುತ್ತಾರಂತೆ ಎಂದು ಸುಳ್ಳು ಹೇಳಿದರು. ಅಂಥ ಅಣ್ಣನೇ ಇರಲಿಲ್ಲ. ತಂಗಿ ತಿಂಗಳುಗಟ್ಟಲೆ ಆ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ನೋಡಲು ಹೋದಾಗ ಅಕ್ಕ ಕಂಡದ್ದು ಇಷ್ಟೇ: ವಾರ್ಡಿನ ಕಿರಿಯ ನರ್ಸೊಬ್ಬಳು ತಂಗಿಯ ಗಂಡನ ಹೊಟ್ಟೆಗೆ ಹಾಕಿದ್ದ ನಳಿಕೆಯಲ್ಲಿ ಇಳಿದ ನೀರಿನ ಬಣ್ಣ ನೋಡಿದವಳೇ ಫೋನ್ ಎತ್ತಿದಳು. ಗಡಿಬಿಡಿಯಿಲ್ಲ, ಕಿರುಚಾಟವಿಲ್ಲ. ಸಂಜೆಯೊಳಗೆ ಇನ್ನೊಂದು ನಳಿಕೆ ಹಾಕಿ ಸೋರಿದ್ದು ಹೊರಹೋಗಲು ದಾರಿ ಮಾಡಿಕೊಟ್ಟರು. "ಅವಳಿಗೆ ಅದು ದಿನಾ ನೋಡೋ ಬಣ್ಣ," ಎನ್ನುತ್ತಾರೆ ಅಕ್ಕ. ತಂಗಿಯ ಗಂಡ ಬಡಕಲಾಗಿ, ಆದರೆ ನಡೆದುಕೊಂಡೇ ಮನೆಗೆ ಬಂದರು.

ಇಷ್ಟನ್ನೂ ನೋಡಿ ಬಂದ ಅಕ್ಕ ಆಮೇಲೆ ನಡೆದದ್ದನ್ನು ಹೇಳುವಾಗ ಎದುರಿಗಿರುವವರ ಮುಖ ನೋಡುವುದಿಲ್ಲ. ಟೇಪನ್ನು ಹರಿದು ಹರಿದು ಮೇಜಿನ ಅಂಚಿಗೆ ಅಂಟಿಸುತ್ತಾರೆ.

ಎದುರು ಬೀದಿಯ ಬೇಕರಿಯವರಿಗೂ ಅದೇ ಆಪರೇಷನ್ ಎಂದು ಗೊತ್ತಾಯಿತು. ಸೋಮವಾರಕ್ಕೆ ದಿನ ನಿಗದಿಯಾಗಿತ್ತು. ಅವರ ಹೆಂಡತಿ ಈ ಕೋಣೆಯ ಬಾಗಿಲಿಗೆ ಬಂದು ಕೇಳಿದರು: "ಅಕ್ಕ, ನೀವು ಒಳಗಿನವರು. ಇಲ್ಲೇ ಮಾಡಿಸಬಹುದಾ?"

"ಡಾಕ್ಟರು ತುಂಬಾ ಒಳ್ಳೆಯವರು," ಎಂದರು ಅಕ್ಕ.

"ಸುಳ್ಳಲ್ಲ," ಎನ್ನುತ್ತಾರೆ ಅಕ್ಕ ಈಗ. "ಹರ್ನಿಯಾಗೆ ನಾನೇ ಅವರ ಹತ್ರ ಹೊಟ್ಟೆ ಕೊಡ್ತೀನಿ. ಆದರೆ ಆಯಮ್ಮ ಕೇಳಿದ್ದು ಅದಲ್ಲವಲ್ಲ. ಬಾಯಿ ತುಂಬಾ ನಕ್ಕು, ಸಮಾಧಾನ ಮಾಡ್ಕೊಂಡು ಹೋದ್ರು. ನಾನು ತಿರುಗಿ ಗಂಟು ಕಟ್ಟೋಕೆ ಕೂತೆ."

ಬೇಕರಿಯಲ್ಲಿ ಯಾವ ಸುದ್ದಿಯೂ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಶನಿವಾರ ಬೆಳಿಗ್ಗೆ ಆಕೆ ಮತ್ತೆ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ.

"ನಿಮ್ಮ ತಂಗಿ ಗಂಡನ್ನ ಎಲ್ಲಿಗೆ ಕಳಿಸಿದ್ರಿ ಅಕ್ಕ?"

ಅಕ್ಕ ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟರು.

"ನಿಮ್ಮನೆಯವರಿಗೊಂದು, ನಮ್ಮನೆಯವರಿಗೊಂದಾ? ಹಾಸಿಗೆ ಹಿಡಿದ ಅತ್ತೆ ಮನೇಲಿದಾರೆ, ಒಲೆ ಆರಿಸಿ ಅಷ್ಟು ದೂರ ಹೋಗೋದು ನಮಗೆ ಸುಲಭ ಅಲ್ಲ. ಆದ್ರೂ ಹೋಗೋದೋ ಬಿಡೋದೋ ನಾವು ಯೋಚನೆ ಮಾಡ್ತಿದ್ವಿ. ನೀವು ಅದಕ್ಕೂ ಕಲ್ಲು ಹಾಕಿದ್ರಲ್ಲ!"

ಹೊರಗೆ ಟ್ರಾಲಿ ತಳ್ಳುತ್ತಿದ್ದವರು ನಿಂತು ನೋಡಿದರು. ಅಕ್ಕ ಗೌನು ಕಳಚದೆಯೇ ಡಾಕ್ಟರ ಕೋಣೆಗೆ ಹೋದರು.

ಡಾಕ್ಟರು ಚಹಾ ಕುಡಿಯುತ್ತಿದ್ದರು. ತಂಗಿಯ ಗಂಡನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ್ದು ಯಾಕೆಂದು ಅಕ್ಕ ಹೇಳಿ ಮುಗಿಸುವವರೆಗೂ ಲೋಟ ಕೆಳಗಿಡಲಿಲ್ಲ. "ಎಲ್ಲಾ ಅಲ್ಲಿಗೇ ಹೋದ್ರೆ ಇಲ್ಲಿರೋರು ಏನು ಕಲೀತಾರಮ್ಮ? ಅಷ್ಟು ದೂರ ಹೋಗೋಕಾಗದೆ ಮನೇಲೇ ಕೂರೋರ ಗತಿ ಏನು?" ಎಂದರು. ಎರಡೂ ಸರಿಯಾದ ಪ್ರಶ್ನೆಗಳೇ. ಹೆಚ್ಚು ಆಪರೇಷನ್ ಮಾಡುವ ಕಡೆ ಸಾವು ಕಡಿಮೆ ಎಂದು ಬಲ್ಲವರಿಗೂ ಇವುಗಳ ಉತ್ತರ ಸುಲಭದಲ್ಲಿ ಸಿಕ್ಕಿಲ್ಲ.

"ಅದೆಲ್ಲ ನನಗೆ ಗೊತ್ತಾಗಲ್ಲ ಸಾರ್. ನಮ್ಮವರನ್ನ ನಾನು ಕಳಿಸಿದೆ. ಹಾಗಂತ ಬೇಕರಿಯವರಿಗೂ ಗೊತ್ತಾಗ್ಲಿ."

ಡಾಕ್ಟರು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಅಣ್ಣನ ಮನೆ ಅಂದ್ರಲ್ಲ, ಅದು ಸುಳ್ಳು ಅಂತ ಅವತ್ತೇ ಅನ್ನಿಸ್ತು. ಯಾಕೆ ಅಂತ ಕೇಳೋಕೆ ನನಗೇ ಧೈರ್ಯ ಬರಲಿಲ್ಲ," ಎಂದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರೇ ಬೇಕರಿಯವರನ್ನೂ ಹೆಂಡತಿಯನ್ನೂ ಕೂರಿಸಿಕೊಂಡು, ಇಲ್ಲಿ ತಾವು ಇಂಥದ್ದನ್ನು ಎಷ್ಟು ಅಪರೂಪಕ್ಕೆ ಮಾಡುವುದೆಂದು ಬಿಡಿಸಿ ಹೇಳಿದರು. ಹೋಗುತ್ತೇವೆಂದು ಅವರು ಎದ್ದ ಮೇಲೆ ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಹೊಲಿಗೆ ಬಿಚ್ಚುವುದು, ಮುಂದಿನ ತಪಾಸಣೆ ಇಲ್ಲೇ ನಡೆಯಲಿ ಎಂದೂ ಮಾತಾಯಿತು.

ಬೇಕರಿಯ ಬಾಗಿಲು ಈಗ ಮುಚ್ಚಿದೆ. ಆಪರೇಷನ್ ಆಗಿದೆಯಂತೆ, ಇನ್ನೂ ಐಸಿಯುವಿನಲ್ಲಿದ್ದಾರಂತೆ ಎಂಬಷ್ಟೇ ಸುದ್ದಿ. ಅತ್ತೆಗೆ ಊಟ ಕೊಡಲು ಅಕ್ಕ ದಿನಾ ಆ ಮನೆಗೆ ಹೋಗುತ್ತಾರೆ. ಬೇಕರಿಯವರ ಹೆಂಡತಿ ಫೋನ್ ಮಾಡಿದಾಗ ಅತ್ತೆಯ ಕೈಗೆ ಕೊಟ್ಟು ಹೊರಗೆ ಬಂದು ನಿಲ್ಲುತ್ತಾರೆ. ಅಕ್ಕನ ಜೊತೆ ಆಕೆ ಮಾತಾಡಿಲ್ಲ.

ನರ್ಸುಗಳು ಒಳ್ಳೆ ಕೆಲಸ ಮಾಡಿದ್ರಿ ಎಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. "ಮೊದಲನೇ ಸಲ ಕೇಳಿದಾಗಲೇ ಹೇಳಿದ್ರೆ ಅದು ಒಳ್ಳೆ ಕೆಲಸ. ಮುಖಕ್ಕೆ ಉಗಿಸ್ಕೊಂಡ ಮೇಲೆ ಹೇಳಿದ್ದು ಯಾವ ಸೀಮೆ ಒಳ್ಳೆ ಕೆಲಸ?"

ಏನಾದರೂ ಆಸೆ ಇದೆಯೇ ಎಂದರೆ ಕನ್ನಡಕ ತೆಗೆದು ಗೌನಿನ ಅಂಚಿನಲ್ಲಿ ಒರೆಸುತ್ತಾರೆ.

"ಆಯಮ್ಮ ಇನ್ನೊಂದು ಸಲ ಈ ಬಾಗಿಲಿಗೆ ಬರಲಿ. ಬಾಯಿಗೆ ಬಂದ ಹಾಗೆ ಬೈಯಲಿ. ಗಂಡನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಬೈಯಲಿ."