ನನ್ನ ಕೋಣೆಯ ಒಂದೇ ಕುರ್ಚಿ

ಮರಾಠಿ ನಾಡಿನ ಪಿಂಪ್ರಿಯ ಕನ್ನಡ ಶಾಲೆಯೊಂದಕ್ಕೆ ನಾನು ಮುಖ್ಯೋಪಾಧ್ಯಾಯಿನಿಯಾದ ವರ್ಷ ಏಳನೇ ತರಗತಿಯ ಗಣಿತವೂ ನನ್ನ ಪಾಲಿಗೇ ಬಂತು. ಕಲಿಸಿದ್ದಕ್ಕಿಂತ ತಪ್ಪಿಸಿದ್ದೇ ಹೆಚ್ಚು. ಪುಸ್ತಕ ಹಿಡಿದು ಏಳುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೂ ನಿಂತಿರುತ್ತಿದ್ದರು. ನನ್ನ ಹಾಳು ನಾಲಿಗೆ ತಾನಾಗಿಯೇ, “ಬರ್ರಿ, ಕುಂದರ್ರಿ, ಚಾ ತರಸ್ತೀನಿ” ಎಂದುಬಿಡುತ್ತಿತ್ತು. ತವರಿನಲ್ಲಿ, ಬಂದವರನ್ನು ನಿಲ್ಲಿಸಿ ಮಾತಾಡಿಸಿದರೆ ಅವ್ವ ಉರಿದು ಬೀಳುತ್ತಿದ್ದಳು. ಚಹಾದ ಜೊತೆ ಊರಿನ ಸುದ್ದಿ, ಮಗಳ ಮದುವೆ ಎಲ್ಲ ಆಗಿ, ಬಂದ ಕೆಲಸದ ಮಾತು ಬರುವ ಹೊತ್ತಿಗೆ ನನ್ನ ಪೀರಿಯಡ್ ಮುಗಿದಿರುತ್ತಿತ್ತು. ಪರೀಕ್ಷೆ ಹತ್ತಿರ ಬಂದರೂ ಮಕ್ಕಳು ಭಿನ್ನರಾಶಿಯ ಮೊದಲ ಪುಟದಲ್ಲೇ ಇದ್ದರು. ಅವರು ಫೇಲಾದರೆ ಅದು ನನ್ನ ಚಹಾದ ಪ್ರತಾಪವೇ.

ಅಷ್ಟರಲ್ಲಿ ವಿಮಾನ ನಗರ ಬಡಾವಣೆಯ ಹೋಟೆಲೊಂದರಲ್ಲಿ ನಮ್ಮಂಥವರಿಗೆ ಸಮಯ ಉಳಿಸುವ ತರಬೇತಿ ನಡೆಯಿತು. ಅಲ್ಲಿ ಹೇಳಿದ್ದರಲ್ಲಿ ಒಂದೇ ಮಾತು ನನ್ನ ತಲೆಗೆ ಹೊಕ್ಕಿತು: ಬಂದವರಿಗೆ ಕುರ್ಚಿ ಇಡಬೇಡಿ, ನಿಂತವರು ಬೇಗ ಹೋಗುತ್ತಾರೆ. ಮರುದಿನವೇ ನನ್ನದೊಂದನ್ನು ಬಿಟ್ಟು ಕುರ್ಚಿಗಳನ್ನೆಲ್ಲ ಗ್ರಂಥಾಲಯಕ್ಕೆ ಸಾಗಹಾಕಿಸಿ, ಮಹಾರಾಣಿಯ ಹಾಗೆ ಕೂತು ಒಬ್ಬಳೇ ನಕ್ಕೆ.

ಸರಿಯಾಗಿ ಗಣಿತದ ಹೊತ್ತಿಗೆ ಶಾಲಾ ಸಮಿತಿಯ ಹಿರಿಯರು ಬಂದರು. ಬಟ್ಟೆ ಅಂಗಡಿಯವರು, ಮಾತಿಗೆ ಕೂತರೆ ಏಳುವ ಪೈಕಿಯಲ್ಲ. “ಬರ್ರಿ, ಕುಂದರ್ರಿ” ಎಂದಿತು ನಾಲಿಗೆ. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ನಾಚಿಕೆಯಿಂದ ಸತ್ತೇಹೋದೆ. ದಡಬಡಿಸಿ ಎದ್ದು ನನ್ನ ಕುರ್ಚಿಯನ್ನೇ ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಅವರು ಕೂತರು, ಚಹಾ ಬಂತು, ನಾನು ನಿಂತೇ ಇದ್ದೆ. ನಿಂತವರು ಬೇಗ ಹೋಗುತ್ತಾರೆ ಎಂಬುದು ಆಗ ನೆನಪಾಯಿತು. ಚಹಾ ಕುಡಿಯುತ್ತಿರಿ, ಬಂದೆ ಎಂದವಳೇ ಪುಸ್ತಕ ಹಿಡಿದು ಓಡಿದೆ.

ಮುಂದಿನ ಬೆಂಚಿನ ಹುಡುಗಿ ನನ್ನನ್ನು ಅನುಮಾನದಿಂದ ನೋಡಿ, “ಅಕ್ಕೋರ, ಇವತ್ತ ಪೂರಾ ತಾಸು ಇರ್ತೀರೇನ್ರಿ?” ಎಂದಳು. ಆ ಪ್ರಶ್ನೆ ಚುಚ್ಚಿತು. ನನಗೆ ಕೂರಲು ಬೇರೆಲ್ಲೂ ಜಾಗವಿಲ್ಲ ಎಂದೆ. ಮಕ್ಕಳು ಹೋ ಎಂದರು. ಯಾರದೋ ಡಬ್ಬಿಯ ರೊಟ್ಟಿಯನ್ನು ಅರ್ಧ, ಕಾಲು, ಅರೆಕಾಲು ಎಂದು ಮುರಿಯುತ್ತ, ಮುರಿದದ್ದನ್ನು ಹಂಚಿ ತಿನ್ನುತ್ತ, ಗಂಟೆ ಹೊಡೆಯುವವರೆಗೆ ಕಲಿಸಿದೆ. ಎಷ್ಟೋ ತಿಂಗಳ ಮೇಲೆ ನಾನು ಮತ್ತೆ ಅಕ್ಕೋರಾಗಿದ್ದೆ.

ಮರಳಿ ಬಂದರೆ ಹಿರಿಯರು ನನ್ನ ಕುರ್ಚಿಯಲ್ಲಿ ಕೂತು ಪಾಲಕರೊಬ್ಬರನ್ನು ಮರಾಠಿಯಲ್ಲಿ ಸಮಾಧಾನ ಮಾಡುತ್ತಿದ್ದರು. ಬಾಗಿಲಲ್ಲಿ ಇನ್ನೂ ಇಬ್ಬರು ಕಾಯುತ್ತಿದ್ದರು. ಹಿರಿಯರ ಚಹಾ ಕೆನೆಗಟ್ಟಿತ್ತು.

“ಒಂದು ಗುಟುಕು ಚಾ ಕುಡ್ಯಾಕ ಬಿಡೂದಿಲ್ಲಲ್ರಿ ಈ ಮಂದಿ,” ಎಂದರು. ಆಮೇಲೆ ನನ್ನ ಕೈಯ ಸೀಮೆಸುಣ್ಣದ ಪುಡಿ ನೋಡಿ, “ನಾಳೆ ನಿಮ್ಮ ತಾಸು ಎಷ್ಟಕ್ಕ ಅದ ಹೇಳ್ರಿ. ಅಷ್ಟೊತ್ತಿಗೆ ಬಂದು ಕುಂದರ್ತೀನಿ,” ಎಂದರು.

ಹೊತ್ತು ಹೇಳಿ, ಅವರಿಗೆ ಬಿಸಿ ಚಹಾ ತರಿಸಿದೆ.